ಹುಡುಗರಿಗೆ ಮೆಂಟರ್ ಆಗುವ ಮುನ್ನ: ಒಬ್ಬ ಸಂಯೋಜಕಿಯ ಕೈಪಿಡಿ

ಜನವರಿ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಅಮೆರಿಕದಲ್ಲಿ 2002ರಿಂದ ಆ ತಿಂಗಳನ್ನು ರಾಷ್ಟ್ರೀಯ ಮಾರ್ಗದರ್ಶನ ಮಾಸವೆಂದು ಆಚರಿಸುತ್ತಾರೆ. ಹೊಸ ವರ್ಷದ ಸಂಕಲ್ಪಗಳೂ ಆಗ ಇನ್ನೂ ಬಿಸಿಯಾಗಿರುತ್ತವೆ. ಶಿಕಾಗೋದ ಉಪನಗರಗಳಾದ ನೇಪರ್‌ವಿಲ್‌ನಿಂದ, ಶಾಂಬರ್ಗ್‌ನಿಂದ ಕನ್ನಡ ಕೂಟದ ಪರಿಚಯಸ್ಥರು ಕರೆ ಮಾಡಿ, "ಮೇಡಂ, ನಾವು ಒಂದಷ್ಟು ಜನ ಸೇರಿ ಆ ಕಡೆಯ ಹುಡುಗರಿಗೆ ಏನಾದರೂ ಮಾಡೋಣವೆಂದಿದ್ದೇವೆ" ಎನ್ನುತ್ತಾರೆ. ಆ ಕಡೆ ಎಂದರೆ ಶಿಕಾಗೋದ ಪಶ್ಚಿಮ ಭಾಗ: ಆಸ್ಟಿನ್, ಗಾರ್ಫೀಲ್ಡ್ ಪಾರ್ಕ್, ನಾರ್ತ್ ಲಾಂಡೇಲ್, ಲಿಟಲ್ ವಿಲೇಜ್. ಕಪ್ಪು ವರ್ಣೀಯ ಮತ್ತು ಲ್ಯಾಟಿನೊ ಕುಟುಂಬಗಳೇ ಹೆಚ್ಚಿರುವ ಬಡಾವಣೆಗಳು. ಅಲ್ಲಿನ ಒಂದು ಸಣ್ಣ ಕಾರ್ಯಕ್ರಮಕ್ಕೆ ನಾನು ಸಂಯೋಜಕಿ. ಹುಡುಗರಿಗೆ ಜೊತೆಯಾಗಿ ನಿಲ್ಲುವ ದೊಡ್ಡವರನ್ನು, ಅಂದರೆ ಮೆಂಟರ್‌ಗಳನ್ನು ಹುಡುಕುವುದು, ಹುಡುಗರೊಂದಿಗೆ ಜೋಡಿ ಮಾಡುವುದು, ಅವರು ನಡುವೆ ಕಾಲು ಕೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಕರೆ ಮಾಡಿದವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಮುಂದಿನ ಜನವರಿಯಲ್ಲೂ ನೀವು ಇದೇ ಊರಿನಲ್ಲಿರುತ್ತೀರಾ?" ಎಚ್-1ಬಿ ಕೆಲಸದ ವೀಸಾದ ನವೀಕರಣ, ಹೊಸ ಪ್ರಾಜೆಕ್ಟು, ಟೆಕ್ಸಸ್‌ನಲ್ಲಿ ಮನೆ ಕೊಳ್ಳುವ ಯೋಚನೆ, ಹೀಗೆ ಒಂದೊಂದೇ ಹೊರಬರುತ್ತವೆ. ಎಷ್ಟೋ ಕರೆಗಳು ಅಲ್ಲಿಗೇ ಮುಗಿಯುತ್ತವೆ. ನನಗೇನೂ ಬೇಸರವಿಲ್ಲ. ಮುಂದಕ್ಕೆ ಮಾತಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕೆಡಿಸದಿರುವುದು

ಒಳ್ಳೆಯ ಮನಸ್ಸಿನಿಂದ ಮಾಡಿದ್ದರಿಂದ ಕೆಡುಕಾಗುವುದಿಲ್ಲ ಎಂಬ ನಂಬಿಕೆಯನ್ನು ಬಾಗಿಲಾಚೆಯೇ ಬಿಟ್ಟು ಬನ್ನಿ. 1939ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳ 506 ಹುಡುಗರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಸಲಹೆಗಾರರು ತಿಂಗಳಿಗೆ ಸುಮಾರು ಎರಡು ಸಲದಂತೆ, ಸರಾಸರಿ ಐದು ವರ್ಷ ಹೋಗಿ ಬಂದರು. ಪಾಠ ಹೇಳಿಸಿದರು, ವೈದ್ಯರ ಬಳಿ ಕರೆದೊಯ್ದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. ಇನ್ನೊಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅವರನ್ನೆಲ್ಲ ಹುಡುಕಿ ತೆಗೆದು 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಮತ್ತೆ ಅಪರಾಧಕ್ಕೆ ಇಳಿದವರು, ಕುಡಿತಕ್ಕೆ ಬಿದ್ದವರು, ಚಿಕ್ಕ ವಯಸ್ಸಿಗೇ ತೀರಿಕೊಂಡವರು ಸಹಾಯ ಪಡೆದ ಗುಂಪಿನಲ್ಲೇ ಹೆಚ್ಚಿದ್ದರು. ಆದರೂ ಆ ಗುಂಪಿನ ಬಹುಪಾಲು ಮಂದಿ ಕಾರ್ಯಕ್ರಮದಿಂದ ತಮಗೆ ಒಳ್ಳೆಯದಾಯಿತೆಂದೇ ಹೇಳಿದ್ದರು! ಹುಡುಗರಿಂದ ಹೊಗಳಿಕೆಯ ವಿಡಿಯೊ ಮಾಡಿಸಿ ಅದನ್ನೇ ಯಶಸ್ಸಿನ ಪುರಾವೆಯೆಂದು ದಾನಿಗಳ ಮುಂದಿಡುವವರನ್ನು ಕಂಡರೆ ನನಗೆ ಇದನ್ನು ಓದಿದಂದಿನಿಂದ ಗುಮಾನಿ.

ಅದೇ ಅಧ್ಯಯನವನ್ನು ಮತ್ತೆ ಕೆದಕಿದಾಗ, ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದ ಹುಡುಗರಲ್ಲೇ ಕೆಡುಕು ಹೆಚ್ಚಾಗಿ ಕಂಡಿತು. ತುಂಟರನ್ನೇ ಆಯ್ದು ಒಂದೆಡೆ ಕೂಡಿಹಾಕಿದರೆ ಅವರು ಕಲಿಯುವುದು ಒಬ್ಬರಿಂದೊಬ್ಬರು. ಜೈಲಿಗೆ ಕರೆದೊಯ್ದು ಕೈದಿಗಳಿಂದ ಗದರಿಸಿ ಹೆದರಿಸುವ ‘ಸ್ಕೇರ್ಡ್ ಸ್ಟ್ರೇಟ್’ ಮಾದರಿ 1970ರ ದಶಕದಲ್ಲಿ ನ್ಯೂಜೆರ್ಸಿಯ ರಾವೇ ಜೈಲಿನಲ್ಲಿ ಹುಟ್ಟಿ ದೇಶವೆಲ್ಲ ಹರಡಿತು. ಅದರ ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಹೋಗಿ ಬಂದ ಹುಡುಗರೇ ಹೆಚ್ಚು ಅಪರಾಧ ಮಾಡಿದ್ದು ತಿಳಿಯಿತು. ಇಷ್ಟಾದರೂ ವರ್ಷಕ್ಕೊಬ್ಬರಾದರೂ ನನ್ನನ್ನು ಕೇಳುತ್ತಾರೆ, "ಒಂದು ಸಲ ಜೈಲು ತೋರಿಸಿಬಿಟ್ಟರೆ ಬುದ್ಧಿ ಬರುವುದಿಲ್ಲವೇ?" ಇಲ್ಲ.

ಸರಿಯಾಗಿ ನಡೆಸಿದ ಕಾರ್ಯಕ್ರಮದ ಲೆಕ್ಕವೂ ಇದೆ. ಮಕ್ಕಳಿಗೆ ಮೆಂಟರ್‌ಗಳನ್ನು ಜೋಡಿಸುವ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಯ ಎಂಟು ಶಾಖೆಗಳಲ್ಲಿ 10ರಿಂದ 16 ವರ್ಷದ 959 ಮಕ್ಕಳನ್ನು ಹದಿನೆಂಟು ತಿಂಗಳು ಗಮನಿಸಿ 1995ರಲ್ಲಿ ವರದಿ ಮಾಡಿದರು. ಮೆಂಟರ್ ಸಿಕ್ಕ ಮಕ್ಕಳು ಮಾದಕ ವಸ್ತು ಮುಟ್ಟಲು ಆರಂಭಿಸುವ ಸಾಧ್ಯತೆ ಶೇ. 46ರಷ್ಟು, ಒಂದು ದಿನ ಶಾಲೆ ತಪ್ಪಿಸುವ ಸಾಧ್ಯತೆ ಶೇ. 52ರಷ್ಟು ಕಡಿಮೆಯಿತ್ತು. ಈ ಅಂಕಿಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಮಕ್ಕಳ ಮಾಹಿತಿಯಿಂದ 2002ರಲ್ಲಿ ಹೊರಬಿದ್ದ ಇನ್ನೊಂದು ಸಂಗತಿಯನ್ನು ಮಾತ್ರ ಮರೆಯುತ್ತಾರೆ: ಒಂದು ವರ್ಷ ದಾಟಿದ ಜೋಡಿಗಳಲ್ಲಿ ಲಾಭ ಕಂಡಿತು, ಮೂರು ತಿಂಗಳೊಳಗೆ ಮುರಿದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿಯಿತು. ಬಿಟ್ಟು ಹೋದ ದೊಡ್ಡವರ ಪಟ್ಟಿ ಮೊದಲೇ ಉದ್ದವಿರುವ ಹುಡುಗನಿಗೆ ನೀವು ಇನ್ನೊಂದು ಹೆಸರಾಗುತ್ತೀರಿ. ಮುಂದಿನ ಜನವರಿಯ ಪ್ರಶ್ನೆಯನ್ನು ನಾನು ಕೇಳುವುದು ಇದಕ್ಕೇ.

ಹಾಗೆಯೇ, ದಯವಿಟ್ಟು ಹೊಸ ಸಂಸ್ಥೆ ಕಟ್ಟಬೇಡಿ. ಲೋಗೊ, ಟಿ-ಶರ್ಟು, ಉದ್ಘಾಟನೆ ಇವೆಲ್ಲ ಹುಡುಗರಿಗೆ ಬೇಕಿಲ್ಲ. 1904ರಲ್ಲಿ ನ್ಯೂಯಾರ್ಕಿನ ಬಾಲ ನ್ಯಾಯಾಲಯದ ಗುಮಾಸ್ತ ಅರ್ನೆಸ್ಟ್ ಕೋಲ್ಟರ್, ಕಟಕಟೆಗೆ ಬರುವ ಒಬ್ಬೊಬ್ಬ ಹುಡುಗನಿಗೂ ಒಬ್ಬ ದೊಡ್ಡವನು ಜೊತೆಯಾಗಲಿ ಎಂದು ಶುರು ಮಾಡಿದ ಕೆಲಸವೇ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಆಗಿ ಬೆಳೆದು ಇಂದು ಎಲ್ಲ ರಾಜ್ಯಗಳಲ್ಲೂ ಇದೆ. 1963ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘100 ಬ್ಲ್ಯಾಕ್ ಮೆನ್’ ಬಳಗಕ್ಕೆ ಬಹಳ ನಗರಗಳಲ್ಲಿ ಶಾಖೆಗಳಿವೆ. 2014ರ ಫೆಬ್ರುವರಿಯಲ್ಲಿ ಅಧ್ಯಕ್ಷ ಒಬಾಮಾ ಕಪ್ಪು, ಲ್ಯಾಟಿನೊ ಮೊದಲಾದ ಹುಡುಗರಿಗಾಗಿ ಶ್ವೇತಭವನದಲ್ಲಿ ಆರಂಭಿಸಿದ ‘ಮೈ ಬ್ರದರ್ಸ್ ಕೀಪರ್’ ಈಗ ಅವರ ಪ್ರತಿಷ್ಠಾನದಡಿ ನಡೆಯುತ್ತಿದೆ. ಚರ್ಚುಗಳು, ಪಾರ್ಕ್ ಡಿಸ್ಟ್ರಿಕ್ಟ್‌ನ ಜಿಮ್‌ಗಳು ಇನ್ನೂ ಎಷ್ಟೋ. ಯಾವುದಾದರೂ ಒಂದರ ಬಾಗಿಲು ತಟ್ಟಿ, ಅವರಿಗೆ ಏನು ಕೊರತೆಯಿದೆ ಎಂದು ಕೇಳಿ. ಬಹುತೇಕ ಕಡೆ ಕೊರತೆ ಇರುವುದು ಗಂಡಸರದು. ಸ್ವಯಂಸೇವಕಿಯರು ಬೇಕಾದಷ್ಟು, ಕಾಯುವ ಪಟ್ಟಿಯಲ್ಲಿ ಹುಡುಗರು ಬೇಕಾದಷ್ಟು.

ಯಾವ ಹುಡುಗರು

ಸೇರಿಸಿಕೊಳ್ಳುವಾಗ ಜನಾಂಗವನ್ನು ಅರ್ಹತೆಯ ಷರತ್ತಾಗಿ ಬರೆಯಬೇಡಿ. ಕೇಂದ್ರ ಸರ್ಕಾರದ ಒಂದು ಡಾಲರ್ ಬಂದರೂ ಜನಾಂಗ ನೋಡಿ ಭೇದ ಮಾಡಬಾರದೆನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೆಯ ಅಧ್ಯಾಯ ಅನ್ವಯವಾಗುತ್ತದೆ. ಬಡಾವಣೆ ಮತ್ತು ಹಾಜರಾತಿ ನೋಡಿ ಆರಿಸಿದರೆ ಯಾರನ್ನು ಮುಟ್ಟಬೇಕೋ ಅವರನ್ನೇ ಮುಟ್ಟುತ್ತೀರಿ. ಶಾಲೆಯ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು, ಅಂದರೆ ವರ್ಷಕ್ಕೆ ಸುಮಾರು 18 ದಿನ ತಪ್ಪಿಸಿಕೊಳ್ಳುವುದನ್ನು ಇಲ್ಲಿ ದೀರ್ಘ ಗೈರುಹಾಜರಿ ಎನ್ನುತ್ತಾರೆ. ನನ್ನ ಮಟ್ಟಿಗೆ ಹುಡುಗನ ವಿಷಯದಲ್ಲಿ ಇದಕ್ಕಿಂತ ಬೇಗ ಎಚ್ಚರಿಸುವ ಗುರುತು ಬೇರೆಯಿಲ್ಲ. ಅಂಕ ಆಮೇಲೆ ಬೀಳುತ್ತದೆ, ಪೊಲೀಸರು ಅದಕ್ಕೂ ಆಮೇಲೆ ಬರುತ್ತಾರೆ. ನ್ಯೂಯಾರ್ಕ್ ನಗರ 2010ರ ನಂತರ ಶಾಲೆಯೊಳಗೇ ವಾರಕ್ಕೆ ಮೂರು ದಿನ ಮಕ್ಕಳನ್ನು ಕಾಣುವ ಮೆಂಟರ್‌ಗಳನ್ನು ನೇಮಿಸಿತು. ದೀರ್ಘ ಗೈರಿನ ಮಕ್ಕಳು ಮೆಂಟರ್ ಇಲ್ಲದ ಅಂಥದೇ ಮಕ್ಕಳಿಗಿಂತ ವರ್ಷಕ್ಕೆ ಸುಮಾರು ಒಂಬತ್ತು ದಿನ ಹೆಚ್ಚು ಶಾಲೆಗೆ ಬಂದರು. ಅವರ ದಿನಚರಿಯಲ್ಲಿ ದೊಡ್ಡದೇನಿರಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆಯುವುದು, ಬಾರದ ದಿನ ಮನೆಗೆ ಫೋನ್ ಮಾಡುವುದು.

ಹಾಜರಾತಿ ದಾಖಲೆ ಬೇಕಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ವಿದ್ಯಾರ್ಥಿ ದಾಖಲೆಗಳ ಗೌಪ್ಯತೆಗೆ 1974ರಿಂದಲೇ ಕೇಂದ್ರದ ಕಾನೂನಿದೆ. ಆ ಒಪ್ಪಿಗೆ ಪತ್ರವನ್ನು ಬರೆಯುವಾಗ ಜಾಣತನ ಬೇಕು. "ನಿಮ್ಮ ಮಗ ಅಪಾಯದ ಅಂಚಿನಲ್ಲಿರುವುದರಿಂದ" ಎಂದು ಆರಂಭವಾಗುವ ಪತ್ರಗಳು ನನ್ನ ಮೇಜಿನ ಮೇಲೆ ಬೇಕಾದಷ್ಟು ಬಂದಿವೆ. ಅನುದಾನದ ಅರ್ಜಿಯ ಭಾಷೆ ಹಾಗೆಯೇ ಜಾರಿ ತಾಯಿಯ ಕೈಗೆ ಹೋಗಿರುತ್ತದೆ. ಎರಡು ಪಾಳಿ ದುಡಿದು ಬಂದ ಹೆಂಗಸು ಆ ಸಾಲನ್ನು ಓದಿ ಪತ್ರವನ್ನು ಮಡಚಿಟ್ಟರೆ ಆಕೆಗೆ ಕಾಳಜಿಯಿಲ್ಲವೆಂದು ಮತ್ತೆ ಇವರೇ ಬರೆದುಕೊಳ್ಳುತ್ತಾರೆ. ನಾವು ಬರೆಯುವುದು ಇಷ್ಟೇ: "ನಿಮ್ಮ ಮಗನಿಗೆ ಶಾಲೆಯಾಚೆ ಒಬ್ಬ ದೊಡ್ಡವರ ಒಡನಾಟ ಒದಗಿಸಲು ನಾವು ಸಿದ್ಧರಿದ್ದೇವೆ. ವಾರಕ್ಕೆ ಎರಡು ಗಂಟೆ, ಒಂದು ವರ್ಷ. ಅವರು ಯಾರೆಂದು ಮೊದಲು ನೀವು ಭೇಟಿಯಾಗಿ ನೋಡಿ, ಬೇಡವೆನಿಸಿದರೆ ಬೇಡವೆನ್ನಿ." ಲಿಟಲ್ ವಿಲೇಜ್ ಕಡೆಯ ಮನೆಗಳಿಗೆ ಇದರ ಸ್ಪ್ಯಾನಿಷ್ ಪ್ರತಿ ಕಳಿಸಿ. ತಾಯಿಯೊಂದಿಗೆ ಮಾತಾಡಲು ದುಭಾಷಿಯನ್ನು ಕರೆದೊಯ್ಯಿರಿ. ಹುಡುಗನನ್ನೇ ದುಭಾಷಿ ಮಾಡಿದರೆ ತನ್ನ ಗೈರುಹಾಜರಿಯನ್ನು ಅವನೇನು ಅನುವಾದಿಸಿಯಾನು?

ಇನ್ನೊಂದು: ಶಾಲೆಯವರು ಕೊಡುವ ಪಟ್ಟಿಯಲ್ಲಿ ಬರೀ ಜಗಳಗಂಟರ ಹೆಸರಿದ್ದರೆ ಹಿಂದಿರುಗಿಸಿ. ಮಾತೇ ಆಡದೆ ಹಿಂದಿನ ಬೆಂಚಿನಲ್ಲಿ ಕುಳಿತು ಕರಗಿ ಹೋಗುವ ಹುಡುಗರ ಹೆಸರನ್ನೂ ಕೇಳಿ ಬರೆಸಿಕೊಳ್ಳಿ.

ಯಾವ ಮೆಂಟರ್‌ಗಳು

ನಮ್ಮ ಒಳ್ಳೆಯ ಮೆಂಟರ್‌ಗಳು ಸಿಕ್ಕಿದ್ದು ಕ್ಷೌರದಂಗಡಿಗಳಲ್ಲಿ, ಬಸ್ ಡಿಪೊದಲ್ಲಿ, ಚರ್ಚಿನ ಹಿಂದಿನ ಸಾಲಿನಲ್ಲಿ. ನಿವೃತ್ತ ಅಂಚೆ ನೌಕರರೊಬ್ಬರಿದ್ದಾರೆ. ಬಡಾವಣೆಯ ಒಂದೊಂದು ಮೆಟ್ಟಿಲೂ ಅವರಿಗೆ ಗೊತ್ತು. ಹುಡುಗನ ಅಜ್ಜಿಯೂ ಗೊತ್ತು. ತನ್ನಂತೆಯೇ ಕಾಣುವ, ತನ್ನ ಬೀದಿಯಲ್ಲೇ ಬೆಳೆದು ಗಟ್ಟಿಯಾಗಿ ನಿಂತ ಗಂಡಸು ಕಣ್ಣೆದುರು ಇರುವುದಕ್ಕೆ ಬೆಲೆಯಿದೆ. ಹಾಗೆಂದು ಒಂದೇ ಜನಾಂಗದವರನ್ನು ಜೋಡಿ ಮಾಡಿದ ಮಾತ್ರಕ್ಕೆ ಸಂಬಂಧ ಬೆಳೆಯುವುದಿಲ್ಲ. ಇಬ್ಬರಿಗೂ ಚೆಸ್ ಹುಚ್ಚಿರುವುದು, ಇಬ್ಬರೂ ಯಂತ್ರ ಬಿಚ್ಚುವವರಾಗಿರುವುದು ಹೆಚ್ಚು ಬಾಳಿಕೆ ಬಂದದ್ದನ್ನು ನೋಡಿದ್ದೇನೆ. ಆದ್ದರಿಂದ ನಮ್ಮವರೂ ಬರಬಹುದು, ಬರಬೇಕು.

ಆದರೆ ನಮ್ಮವರೊಂದಿಗೆ ಒಂದು ಮಾತು ನೇರವಾಗಿ ಆಡಬೇಕಾಗುತ್ತದೆ. ಐಸನ್‌ಹೋವರ್ ಹೆದ್ದಾರಿಯಿಂದ ಇಳಿದ ಕೂಡಲೇ ಕಾರಿನ ಬಾಗಿಲುಗಳನ್ನು ‘ಟಕ್’ ಎಂದು ಲಾಕ್ ಮಾಡುವ ಸದ್ದು ಪಾದಚಾರಿ ಮಾರ್ಗದಲ್ಲಿರುವ ಹದಿನಾಲ್ಕರ ಹುಡುಗನಿಗೆ ಕೇಳಿಸುತ್ತದೆ. ಅವನು ಅದನ್ನು ದಿನವೂ ಕೇಳುತ್ತಾನೆ. ನಮ್ಮ ಮನೆಗಳ ಊಟದ ಮೇಜಿನಲ್ಲಿ ಕಪ್ಪು ಜನರ ಬಗ್ಗೆ ಆಡುವ ಮಾತುಗಳನ್ನು ನಾನೂ ಕೇಳಿದ್ದೇನೆ. ಅವನ್ನು ಹೊತ್ತುಕೊಂಡೇ ಬರುವವರಿಗೆ ನಾನು ಬೇರೆ ಕೆಲಸ ಕೊಡುತ್ತೇನೆ. ಲೆಕ್ಕ ಬರೆಯಲಿ, ಊಟದ ವ್ಯವಸ್ಥೆ ನೋಡಲಿ. ಹುಡುಗನ ಎದುರು ಕೂರುವುದು ಬೇಡ.

ಸಂದರ್ಶನದಲ್ಲಿ ನಾನು ಕೇಳುವ ಒಂದು ಪ್ರಶ್ನೆ: "ನಿಮಗೆ ಹದಿನೈದು ವರ್ಷವಾಗಿದ್ದಾಗ ಯಾರ ಮಾತು ಕೇಳುತ್ತಿದ್ದಿರಿ, ಏಕೆ?" ಉತ್ತರದಲ್ಲಿ ಉಪದೇಶ ಮಾಡಿದವರ ಹೆಸರು ಬರುವುದೇ ಇಲ್ಲ. ಸುಮ್ಮನೆ ಜೊತೆಗಿದ್ದ ಸೋದರಮಾವನೋ ಕ್ರೀಡಾ ಶಿಕ್ಷಕರೋ ಬರುತ್ತಾರೆ. ಅಲ್ಲಿಂದ ಮಾತು ಮುಂದುವರಿಸುವುದು ಸುಲಭ. "ಈ ಹುಡುಗರನ್ನು ದಾರಿಗೆ ತರುತ್ತೇನೆ" ಎನ್ನುವವರನ್ನು ನಾನು ವಂದಿಸಿ ಕಳಿಸಿಕೊಡುತ್ತೇನೆ.

ಪರಿಶೀಲನೆಯಲ್ಲಿ ದಾಕ್ಷಿಣ್ಯ ಸಲ್ಲದು. ಬೆರಳಚ್ಚು ಆಧಾರಿತ ಹಿನ್ನೆಲೆ ತಪಾಸಣೆ, ಇಬ್ಬರು ಮೂವರು ಪರಿಚಿತರೊಡನೆ ಫೋನಿನಲ್ಲಿ ಖುದ್ದು ಮಾತು, ಕಾರಿನಲ್ಲಿ ಕರೆದೊಯ್ಯುವುದಿದ್ದರೆ ಚಾಲನಾ ದಾಖಲೆ ಮತ್ತು ವಿಮೆ. ಮೊದಲ ತಿಂಗಳುಗಳಲ್ಲಿ ಭೇಟಿ ಸಾರ್ವಜನಿಕ ಸ್ಥಳದಲ್ಲೇ ಆಗಬೇಕು. ರಾತ್ರಿ ತಂಗುವುದು ಎಂದಿಗೂ ಇಲ್ಲ. "ಕೂಟದ ಕಾರ್ಯದರ್ಶಿಗೆ ಬೆರಳಚ್ಚು ಏಕೆ ಮೇಡಂ?" ಎಂದು ಮುನಿಸಿಕೊಂಡವರಿದ್ದಾರೆ. ಮುನಿಸಿಕೊಳ್ಳಲಿ.

ಮುಷ್ಟಿಯೊಳಗಿನ ಚೆಂಡು

ರಾಷ್ಟ್ರಮಟ್ಟದ ‘ಮೆಂಟರ್’ ಸಂಸ್ಥೆಯ ಮಾನದಂಡಗಳು ಜೋಡಿ ಮಾಡುವ ಮುನ್ನ ಕನಿಷ್ಠ ಎರಡು ಗಂಟೆಯ ತರಬೇತಿ ಬೇಕೆನ್ನುತ್ತವೆ. ನನ್ನ ಅನುಭವದಲ್ಲಿ ಎರಡು ಗಂಟೆ ನಿಯಮಗಳನ್ನು ಓದಿ ಹೇಳುವುದಕ್ಕೇ ಸರಿಹೋಗುತ್ತದೆ. ಇನ್ನೊಂದು ಬೆಳಗನ್ನು ಪೂರ್ತಿ ಒಂದು ಆಟಕ್ಕೂ ಅದರ ಮೇಲಿನ ಮಾತಿಗೂ ಇಡಿ.

ಆಟ ನಮ್ಮದಲ್ಲ. ಶಿಕಾಗೋದ ‘ಯೂತ್ ಗೈಡೆನ್ಸ್’ ಸಂಸ್ಥೆಯ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದ್ದು. ಆ ಹುಡುಗರ ವೃತ್ತದಲ್ಲಿ 2013ರಲ್ಲಿ ಒಬಾಮಾ ಕೂಡ ಹೋಗಿ ಕುಳಿತಿದ್ದರು. ಇಬ್ಬರಿಬ್ಬರ ಜೋಡಿ ಮಾಡುತ್ತಾರೆ. ಒಬ್ಬನ ಕೈಗೆ ಚೆಂಡು ಕೊಟ್ಟು ಮುಷ್ಟಿ ಬಿಗಿಯಲು ಹೇಳುತ್ತಾರೆ. ಇನ್ನೊಬ್ಬನಿಗೆ ಅದನ್ನು ಪಡೆಯಲು ಮೂವತ್ತು ಸೆಕೆಂಡು. ಕೂಡಲೇ ಬೆರಳು ಬಿಡಿಸುವುದು, ಮಣಿಕಟ್ಟು ತಿರುಚುವುದು, ನೆಲಕ್ಕೆ ಕೆಡವುವುದು ಶುರುವಾಗುತ್ತದೆ. ಆಮೇಲೆ ಸರದಿ ಬದಲಾಗುತ್ತದೆ, ಮತ್ತದೇ ಗುದ್ದಾಟ. ಮುಗಿದ ಮೇಲೆ ನಡೆಸುವವರು ಕೇಳುತ್ತಾರೆ: "ಚೆಂಡು ಕೊಡು ಎಂದು ಯಾರಾದರೂ ಕೇಳಿದಿರಾ?" ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ ಅವನು ಕೊಡುತ್ತಿರಲಿಲ್ಲ, ನನ್ನನ್ನು ಪುಕ್ಕಲನೆಂದುಕೊಳ್ಳುತ್ತಿದ್ದ ಎನ್ನುತ್ತಾರೆ. ಆಗ ಎದುರಿನವನತ್ತ ತಿರುಗಿ, "ಕೇಳಿದ್ದರೆ ಕೊಡುತ್ತಿದ್ದೆಯಾ?" ಎಂದರೆ, ಭುಜ ಕುಣಿಸಿ, "ಕೊಡುತ್ತಿದ್ದೆನೇನೋ, ಬರೀ ಚೆಂಡು ತಾನೇ" ಎಂಬ ಉತ್ತರ ಬರುತ್ತದೆ.

ಹುಡುಗರಿಗಿಂತ ಮೊದಲು ನಾನು ಇದನ್ನು ಮೆಂಟರ್‌ಗಳಿಂದ ಆಡಿಸುತ್ತೇನೆ. ಬ್ಯಾಂಕಿನ ಉಪಾಧ್ಯಕ್ಷರು, ಸಾಫ್ಟ್‌ವೇರ್ ವ್ಯವಸ್ಥಾಪಕರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಒಬ್ಬರ ಬೆರಳನ್ನೊಬ್ಬರು ಮುರಿಯಲು ಹೊರಡುವುದನ್ನು ನೋಡಬೇಕು. ಅವರೂ ಕೇಳುವುದಿಲ್ಲ! ಆ ಹುಡುಗರು ಹುಟ್ಟಾ ಒರಟರೆಂಬ ಊಹೆ ಆ ಮೂವತ್ತು ಸೆಕೆಂಡಿನಲ್ಲಿ ಇಳಿದು ಹೋಗುತ್ತದೆ.

ಮುಂದಿನ ಮಾತು ಮುಖ್ಯ. ಕೆಲವು ಬೀದಿಗಳಲ್ಲಿ ಯಾರಾದರೂ ಫೋನ್ ಕಿತ್ತುಕೊಳ್ಳಲು ಬಂದಾಗ ಕೊಟ್ಟು ಸುಮ್ಮನಾದವನು ನಾಳೆ ಮತ್ತೊಬ್ಬನಿಗೆ ಗುರಿಯಾಗುತ್ತಾನೆ. ಎದುರು ನಿಲ್ಲುವುದು ಅಲ್ಲಿ ಲೆಕ್ಕಾಚಾರದ ಮಾತೇ. ಅದೇ ಪ್ರತಿಕ್ರಿಯೆ ತರಗತಿಯಲ್ಲಿ, "ಕುಳಿತುಕೊ" ಎಂದ ಶಿಕ್ಷಕರ ಮುಂದೆ ತಾನಾಗಿ ಹೊರಬಂದರೆ ಅಮಾನತು. ಆದ್ದರಿಂದ "ಜಗಳವಾಡಬೇಡ" ಎಂಬ ಬೋಧನೆಯನ್ನು ಹುಡುಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾನೆ. ಬೀದಿಯನ್ನು ಅರಿಯದವರ ಮಾತೆಂದು ಅವನಿಗೆ ತಿಳಿಯುತ್ತದೆ. ಅವನಿಗೆ ಕಲಿಸಬಹುದಾದದ್ದು ಒಂದು ಕ್ಷಣ ತಡೆದು, ಈಗ ನಾನೆಲ್ಲಿದ್ದೇನೆ, ಇವನು ಯಾರು, ಇವನಿಗೇನು ಬೇಕಾಗಿದೆ ಎಂದು ನೋಡುವುದನ್ನು. ಈ ಕಾರ್ಯಕ್ರಮವನ್ನು 2009-10ರಲ್ಲಿಯೂ 2013-15ರಲ್ಲಿಯೂ ಚೀಟಿ ಎತ್ತಿದಂತೆ ಹುಡುಗರನ್ನು ಆರಿಸಿ ಪರೀಕ್ಷಿಸಿದರು. ಕಾರ್ಯಕ್ರಮ ನಡೆಯುತ್ತಿದ್ದಾಗ ಒಟ್ಟು ಬಂಧನಗಳು ಶೇ. 28ರಿಂದ 35ರಷ್ಟು, ಹಿಂಸೆಯ ಅಪರಾಧಕ್ಕಾದ ಬಂಧನಗಳು ಶೇ. 45ರಿಂದ 50ರಷ್ಟು ಇಳಿದವು. ಮೊದಲ ಅಧ್ಯಯನದ ಹುಡುಗರಲ್ಲಿ ಹೈಸ್ಕೂಲು ಮುಗಿಸಿದವರ ಪ್ರಮಾಣ ಶೇ. 12ರಿಂದ 19ರಷ್ಟು ಏರಿತು. ಆದರೆ ಕಾರ್ಯಕ್ರಮ ನಿಂತ ಮೇಲೆ ಬಂಧನದ ಮೇಲಿನ ಪರಿಣಾಮ ಉಳಿಯಲಿಲ್ಲ. ಒಂದು ವರ್ಷಕ್ಕೆ ಅನುದಾನ ಕೊಟ್ಟು ಮರುವರ್ಷ ಬೇರೆ ಕೆಲಸಕ್ಕೆ ಹೋಗುವ ದಾನಿಗಳಿಗೆ ನಾನು ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿ ಹೇಳುತ್ತೇನೆ.

ಭೇಟಿಗಳು

ಮೊದಲ ಭೇಟಿಯನ್ನು ಹೋಟೆಲಿನಲ್ಲಿ ಇಡಬೇಡಿ. ಎದುರುಬದುರು ಕುಳಿತು ಮುಖ ನೋಡಿಕೊಳ್ಳುವುದು ಹದಿನಾಲ್ಕರ ಹುಡುಗನಿಗೆ ಹಿಂಸೆ. ಇಬ್ಬರ ಕಣ್ಣೂ ಒಂದೇ ವಸ್ತುವಿನ ಮೇಲಿರಲಿ. ಚೆಸ್ ಹಲಗೆ, ಬ್ಯಾಸ್ಕೆಟ್‌ಬಾಲ್, ಪಂಕ್ಚರ್ ಆದ ಸೈಕಲ್ ಯಾವುದಾದರೂ ಆದೀತು. ಎರಡು ಆಯ್ಕೆ ಕೊಟ್ಟು ಅವನೇ ಆರಿಸಲಿ. ತಂದೆ ಎಲ್ಲಿದ್ದಾರೆಂದು ಕೇಳಬೇಡಿ. ಅಂಕ ಎಷ್ಟೆಂದೂ ಕೇಳಬೇಡಿ. ನಮ್ಮವರಿಗೆ ಅಂಕ ಕೇಳದೆ ಹುಡುಗರೊಡನೆ ಮಾತು ಆರಂಭಿಸಲು ಬರುವುದೇ ಇಲ್ಲ, ಇದನ್ನು ತರಬೇತಿಯಲ್ಲಿ ಅಭ್ಯಾಸ ಮಾಡಿಸಬೇಕಾಗುತ್ತದೆ.

ಜಾಗವನ್ನು ಮೊಬೈಲಿನ ನಕ್ಷೆ ನೋಡಿ ಗೊತ್ತು ಮಾಡಬೇಡಿ. ನಕ್ಷೆಯಲ್ಲಿ ಆರು ನಿಮಿಷದ ನಡಿಗೆ ಎಂದಿರುವ ಗ್ರಂಥಾಲಯಕ್ಕೆ ಹೋಗಲು ಅವನು ದಾಟಬಾರದ ಒಂದು ಬೀದಿ ಅಡ್ಡ ಇರಬಹುದು. ಅವನಿಗೆ ಯಾವ ಬೀದಿ ಗ್ಯಾಂಗಿನ ಸಂಬಂಧವೂ ಇಲ್ಲದಿದ್ದರೂ ಅಷ್ಟೇ. "ನಿನಗೆ ಯಾವ ಕಡೆಯಿಂದ ಬರಲು ಅನುಕೂಲ?" ಎಂದು ಕೇಳಿ, ಕಾರಣ ಕೆದಕಬೇಡಿ.

ಎರಡನೆಯ ಅಥವಾ ಮೂರನೆಯ ವಾರ ಅವನು ಬರುವುದಿಲ್ಲ. ಇದನ್ನು ನಾನು ಹೊಸ ಮೆಂಟರ್‌ಗಳಿಗೆ ಮೊದಲೇ ಹೇಳಿಡುತ್ತೇನೆ. ಫೋನಿನ ಪ್ರೀಪೇಯ್ಡ್ ಹಣ ಮುಗಿದಿರುತ್ತದೆ, ತಂಗಿಯನ್ನು ನೋಡಿಕೊಳ್ಳಬೇಕಾಗಿರುತ್ತದೆ, ಅಥವಾ ನೀವು ನಿಜವಾಗಿ ಬರುತ್ತೀರೋ ಎಂದು ಪರೀಕ್ಷಿಸುತ್ತಿರುತ್ತಾನೆ. "ಒಂದು ಗಂಟೆ ಕಾದೆ" ಎಂದು ಸಂದೇಶ ಕಳಿಸಿದಿರೋ, ಕೆಟ್ಟಿತು. ಕಳಿಸಬೇಕಾದದ್ದು: "ಇವತ್ತು ಸಿಗಲಿಲ್ಲ, ಪರವಾಗಿಲ್ಲ. ಮುಂದಿನ ಶನಿವಾರ ಹತ್ತಕ್ಕೆ ಅದೇ ಬಾಗಿಲಲ್ಲಿ ಇರುತ್ತೇನೆ." ಆಮೇಲೆ ಇರಬೇಕು, ಹಿಮ ಬೀಳುತ್ತಿದ್ದರೂ.

ಹಣದ ವಿಷಯ ಬಂದೇ ಬರುತ್ತದೆ. ಇಪ್ಪತ್ತು ಡಾಲರ್ ಕೇಳುತ್ತಾನೆ. ಕೊಟ್ಟರೆ ಮುಂದಿನ ವಾರ ಸಾಲಗಾರನ ಮುಖ ಹೊತ್ತು ಬರಲಾರದೆ ತಪ್ಪಿಸಿಕೊಳ್ಳುತ್ತಾನೆ, ಕೊಡದಿದ್ದರೆ ನೀವು ಜಿಪುಣರು. ಆದ್ದರಿಂದ ನಿಯಮ ಕಾರ್ಯಕ್ರಮದ್ದಾಗಿರಲಿ: ಮೆಂಟರ್ ನಗದು ಕೊಡುವುದಿಲ್ಲ, ಬಸ್ ಖರ್ಚು, ಊಟ, ಶಾಲೆಯ ಶುಲ್ಕಕ್ಕೆ ಒಂದು ಸಣ್ಣ ನಿಧಿ ಇರುತ್ತದೆ, ಅದನ್ನು ಸಂಯೋಜಕಿ ನೋಡಿಕೊಳ್ಳುತ್ತಾಳೆ. ದುಬಾರಿ ಶೂಗಳನ್ನು ತಂದುಕೊಡುವ ಔದಾರ್ಯವೂ ಬೇಡ. ಆ ಪೆಟ್ಟಿಗೆ ಮನೆಗೆ ಹೋದಾಗ ತಾಯಿಯ ಮುಖ ಹೇಗಾಗುತ್ತದೆಂದು ಒಂದು ಕ್ಷಣ ಯೋಚಿಸಿ.

ಗುಟ್ಟು ಕಾಪಾಡುವೆನೆಂದು ಮಾತು ಕೊಡಬೇಡಿ. "ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ಯಾರಾದರೂ ನಿನಗೆ ನೋವು ಮಾಡುತ್ತಿದ್ದರೆ, ನಿನಗೆ ನೀನೇ ಮಾಡಿಕೊಳ್ಳುವಂತಿದ್ದರೆ, ಅಥವಾ ಬೇರೆಯವರಿಗೆ ಮಾಡಲಿದ್ದರೆ ಹೇಳಲೇಬೇಕಾಗುತ್ತದೆ" ಎಂದು ಮೊದಲ ತಿಂಗಳಲ್ಲೇ ಹೇಳಿಬಿಡಿ. ಮಕ್ಕಳ ಮೇಲಿನ ದೌರ್ಜನ್ಯವನ್ನು ವರದಿ ಮಾಡುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ನಿಮ್ಮ ರಾಜ್ಯದ್ದನ್ನು ಓದಿಕೊಳ್ಳಿ. ಸಾಯುವ ಮಾತು ಬಂದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988. ಈ ಸಂಖ್ಯೆಗೆ 2022ರ ಜುಲೈನಿಂದ ದೇಶದ ಎಲ್ಲಿಂದಲಾದರೂ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು.

ಶಾಲೆಯಲ್ಲಿ ಅಮಾನತು ಆದಾಗ ಮೆಂಟರ್ ಹೋಗಿ ಪ್ರಾಂಶುಪಾಲರೊಂದಿಗೆ ವಾದಕ್ಕಿಳಿಯುವುದು ಬೇಡ. ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 2016ರ ಸೆಪ್ಟೆಂಬರ್‌ನಿಂದ ‘ಶೂನ್ಯ ಸಹನೆ’ಯ ಹೆಸರಿನಲ್ಲಿ ಕಣ್ಣು ಮುಚ್ಚಿ ಅಮಾನತು ಮಾಡುವಂತಿಲ್ಲ, ದೀರ್ಘ ಅಮಾನತಿಗೆ ಮುನ್ನ ಬೇರೆ ದಾರಿಗಳನ್ನು ನೋಡಿರಬೇಕು. ಇದನ್ನು ತಾಯಿಗೆ ತಿಳಿಸಿ, ಆಕೆಯ ಜೊತೆ ಹೋಗಿ, ಆಕೆಯೇ ಮಾತಾಡಲಿ.

ಭಾನುವಾರದ ಫೋನು

ಜೋಡಿಗಳು ಮುರಿಯುವುದು ಹೆಚ್ಚಾಗಿ ದೊಡ್ಡವರ ಕಡೆಯಿಂದ. ತನ್ನಿಂದ ಏನೂ ಪ್ರಯೋಜನವಾಗುತ್ತಿಲ್ಲ ಎಂದು ಮೆಂಟರ್‌ಗೆ ಅನ್ನಿಸತೊಡಗುತ್ತದೆ. ಭಾನುವಾರ ಸಂಜೆ ನಾನು ಫೋನ್ ಹಿಡಿದು ಕೂರುವುದು ಅದಕ್ಕಾಗಿ.

"ಅವನಿಗೆ ನನ್ನಲ್ಲಿ ಆಸಕ್ತಿಯೇ ಇಲ್ಲ ಮೇಡಂ. ಎರಡು ಗಂಟೆಯೂ ಫೋನ್ ನೋಡುತ್ತಾ ಕೂತಿದ್ದ."

"ಎರಡು ಗಂಟೆಯೂ ಕೂತಿದ್ದನೇ?"

"ಹೌದು."

"ಯಾರಾದರೂ ಹಿಡಿದು ಕೂರಿಸಿದ್ದರೇ?"

ಆ ಕಡೆ ಸ್ವಲ್ಪ ಹೊತ್ತು ಮೌನ. "ಫೋನಿನಲ್ಲಿ ಏನು ನೋಡುತ್ತಿದ್ದ?" ಎಂದು ಕೇಳುತ್ತೇನೆ. ಗೊತ್ತಿಲ್ಲವೆನ್ನುತ್ತಾರೆ. ಮುಂದಿನ ವಾರ ಅದನ್ನು ಕೇಳಲು ಹೇಳುತ್ತೇನೆ. ಅದು ಬೈಕ್ ಎಂಜಿನ್ ಬಿಚ್ಚುವ ವಿಡಿಯೊ ಆಗಿತ್ತು. ನಮ್ಮ ಮೆಂಟರ್ ಮೆಕ್ಯಾನಿಕಲ್ ಎಂಜಿನಿಯರ್. ಮುಂದಿನದಕ್ಕೆ ನನ್ನ ಅಗತ್ಯ ಬೀಳಲಿಲ್ಲ.

ಒಬ್ಬ ಸಂಯೋಜಕಿಗೆ ಮೂವತ್ತು ಜೋಡಿ ದಾಟಿದರೆ ಈ ಫೋನು ನಿಂತುಹೋಗುತ್ತದೆ. ನಿಮ್ಮಲ್ಲಿ ಹಣವಿದ್ದರೆ ಸಮಾರಂಭಕ್ಕೆ ಬೇಡ, ಇಂಥವರ ಸಂಬಳಕ್ಕೆ ಕೊಡಿ.

ಕಾಗದಪತ್ರ ಮತ್ತು ಕೆಲಸ

ಹದಿನಾರರ ಸುಮಾರಿಗೆ ಹುಡುಗನಿಗೆ ಬೇಕಾಗುವುದು ಸಂಬಳ. ಶಿಕಾಗೋದಲ್ಲಿ 2012ರ ಬೇಸಿಗೆಯಲ್ಲಿ ಹಿಂಸೆ ಹೆಚ್ಚಿದ ಬಡಾವಣೆಗಳ 13 ಹೈಸ್ಕೂಲುಗಳ 1,634 ವಿದ್ಯಾರ್ಥಿಗಳ ನಡುವೆ ಒಂದು ಪ್ರಯೋಗ ನಡೆಯಿತು. ಆಯ್ಕೆಯಾದವರಿಗೆ ಎಂಟು ವಾರ, ವಾರಕ್ಕೆ 25 ಗಂಟೆಯ ಕೆಲಸ, ಗಂಟೆಗೆ ಅಂದಿನ ಕನಿಷ್ಠ ವೇತನ 8.25 ಡಾಲರ್, ಜೊತೆಗೊಬ್ಬ ಕೆಲಸದ ಮೆಂಟರ್. ಮುಂದಿನ 16 ತಿಂಗಳಲ್ಲಿ ಅವರಲ್ಲಿ ಹಿಂಸೆಯ ಅಪರಾಧಕ್ಕಾದ ಬಂಧನಗಳು ಶೇ. 43ರಷ್ಟು ಇಳಿದವು, ಆ ಇಳಿಕೆಯ ಬಹುಪಾಲು ಬೇಸಿಗೆ ಮುಗಿದ ಮೇಲಿನದು.

ಕೆಲಸಕ್ಕೆ ಅರ್ಜಿ ಹಾಕುವ ವಾರ ಜನನ ಪ್ರಮಾಣಪತ್ರ ಹುಡುಕಲು ಹೊರಟರೆ ಬೇಸಿಗೆ ಕಳೆದೇ ಹೋಗುತ್ತದೆ. ಚಳಿಗಾಲದಲ್ಲೇ ಒಂದು ಶನಿವಾರ ಇದಕ್ಕಿಡಿ: ಜನನ ಪ್ರಮಾಣಪತ್ರ, ಸೋಶಿಯಲ್ ಸೆಕ್ಯುರಿಟಿ ಕಾರ್ಡು, ರಾಜ್ಯದ ಗುರುತಿನ ಚೀಟಿ, ಬ್ಯಾಂಕ್ ಖಾತೆ. ಇಲಿನಾಯ್‌ನಲ್ಲಿ 14-15 ವರ್ಷದವರಿಗೆ ಉದ್ಯೋಗ ಪ್ರಮಾಣಪತ್ರವೂ ಬೇಕು. ಮೂಲ ಪ್ರತಿಗಳು ತಾಯಿಯ ಬಳಿಯೇ ಇರಲಿ, ನೀವು ಇಟ್ಟುಕೊಳ್ಳಬೇಡಿ. ಬಾಲ ನ್ಯಾಯಾಲಯದ ಹಳೆಯ ದಾಖಲೆ ಇದ್ದರೆ ಅದನ್ನು ಅಳಿಸಿಹಾಕಲು ಸಾಧ್ಯವೇ ಎಂದು ಉಚಿತ ಕಾನೂನು ನೆರವಿನ ವಕೀಲರನ್ನು ಕೇಳಿ. ಅದು ತಾನಾಗಿಯೇ ಮಾಯವಾಗಿದೆ ಎಂದುಕೊಂಡಿರಬೇಡಿ.

ಮುಗಿಸುವುದು

ವರ್ಷ ಮುಗಿಯಲು ಎರಡು ತಿಂಗಳಿರುವಾಗಲೇ ಮುಂದುವರಿಯುತ್ತೀರೋ ಇಲ್ಲವೋ ಹೇಳಿ. ವರ್ಗಾವಣೆ ಬಂದರೆ ಮೊದಲು ಹುಡುಗನಿಗೆ ಎದುರಾಎದುರು ತಿಳಿಸಿ, ಸಂದೇಶದಲ್ಲಿ ಬೇಡ. ಕಾರಣ ನಿಮ್ಮದು, ಅವನ ತಪ್ಪಲ್ಲ ಎಂಬುದನ್ನು ಬಿಡಿಸಿ ಹೇಳಿ. ಅವನು ಸಿಡುಕಬಹುದು, ಉಳಿದ ಭೇಟಿಗಳಿಗೆ ಬರದೆ ತಾನೇ ಮೊದಲು ಬಿಟ್ಟಂತೆ ತೋರಿಸಿಕೊಳ್ಳಬಹುದು. ಆದರೂ ಗೊತ್ತಾದ ದಿನ ಗೊತ್ತಾದ ಬಾಗಿಲಿಗೆ ಹೋಗಿ. ಕೊನೆಯ ಭೇಟಿಯಲ್ಲಿ ಏನು ಮಾಡಬೇಕೆಂದು ಅವನೇ ಹೇಳಲಿ. "ಯಾವಾಗ ಬೇಕಾದರೂ ಫೋನ್ ಮಾಡು" ಎಂಬ ಮಾತನ್ನು ರಾತ್ರಿ ಹನ್ನೊಂದಕ್ಕೂ ಫೋನ್ ಎತ್ತುವವರು ಮಾತ್ರ ಆಡಬೇಕು. ಉಳಿದವರು "ತಿಂಗಳ ಮೊದಲ ಭಾನುವಾರ ನಾನೇ ಮಾಡುತ್ತೇನೆ" ಎಂದು ಹೇಳಿ ಹಾಗೆಯೇ ಮಾಡಿ.

ಹೊಸ ಮೆಂಟರ್ ಬೇಕೇ ಎಂದು ಸಂಯೋಜಕರು ಹುಡುಗನನ್ನೇ ಕೇಳಬೇಕು. ಬೇಡವೆಂದರೆ ಒತ್ತಾಯಿಸುವುದು ಬೇಡ. ಶಾಲೆಯ ಸಲಹೆಗಾರರಿಗೆ ತಿಳಿಸಿ, ಕಡತದಲ್ಲಿ ದಿನಾಂಕ ಬರೆದಿಟ್ಟು, ಮೂರು ತಿಂಗಳು ಬಿಟ್ಟು ತಾಯಿಗೆ ಫೋನ್ ಮಾಡಿ ಮತ್ತೊಮ್ಮೆ ವಿಚಾರಿಸಬೇಕು.